ವೈಫೈ ಡಬ್ಬಿಗೆ ಮನೆತನ ನೋಡಿದ್ದು

ನಮ್ಮ ಸೊಸೆಗೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಕೆಲಸದ ಮಾತು ಬಂತು. ಒಂದು ವಿಜಯಪುರದ ಶಾಲೆಯದು. ಸಿಂದಗಿಯಿಂದ ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಇನ್ನೊಂದು, ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಊರಿನ ಮಕ್ಕಳಿಗೆ ಗಣಿತ ಹೇಳಿಕೊಡುವುದು. ಈ ಎರಡನೆಯವರು ಒಂದು ಷರತ್ತು ಹಾಕಿದ್ದರು. ಇನ್ನು ಮೂರು ವಾರ ಬಿಟ್ಟು ಬರುವ ಸೋಮವಾರ ಅವರ ಮುಂದೆ ಮುಕ್ಕಾಲು ಗಂಟೆ ಪಾಠ ಮಾಡಿ ತೋರಿಸಬೇಕು. ಮನೆಯಿಂದಲೇ, ಗದ್ದಲವಿಲ್ಲದ ಕೋಣೆಯಿಂದ. ನಡುವೆ ನೆಟ್ ಕಡಿದರೆ ಕೆಲಸದ ಆಸೆ ಬಿಡಬೇಕು.

ಇದರಲ್ಲಿ ನನಗೇನು ಎಂದು ಯಾರಾದರೂ ಕೇಳಬಹುದು. ನನಗೆ ರೊಟ್ಟಿಯ ಚಿಂತೆ. ಈ ಮನೆಗೆ ನಾನು ಬಂದ ದಿನದಿಂದ ಸೊಸೆ ಬರುವ ದಿನದವರೆಗೆ ಎರಡು ಹೊತ್ತೂ ಜೋಳದ ರೊಟ್ಟಿ ಬಡಿದವಳು ನಾನೇ. ಸೊಸೆ ಬಂದ ಮರುದಿನ ಹಿಟ್ಟು ನಾದುವ ಕೊಣಮಗೆಯನ್ನು ಅವಳ ಮುಂದೆ ಸರಿಸಿ ಎದ್ದವಳು ಮತ್ತೆ ಅದರ ಮುಂದೆ ಕೂತಿಲ್ಲ. ಅವಳು ವಿಜಯಪುರಕ್ಕೆ ಹೋದರೆ ನಾನು ಮತ್ತೆ ಕೂರಬೇಕು. ಮೊಣಕಾಲು ಮಡಿಚಿದರೆ ಬಿಡಿಸಲು ಇಬ್ಬರು ಬೇಕು. ಸೊಸೆಯ ಏಳಿಗೆಗಾಗಿ ಅತ್ತೆ ಊರೂರು ತಿರುಗಿದಳು ಎಂದು ಈಗ ಓಣಿಯಲ್ಲಿ ಹೊಗಳುತ್ತಾರೆ. ಹೊಗಳಲಿ, ಬೇಡ ಎನ್ನುವುದಿಲ್ಲ. ತಿರುಗಿದ್ದು ರೊಟ್ಟಿಗಾಗಿ.

ನಮ್ಮದು ಹಳೇ ಊರಿನ ಮನೆ. ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ ಹಾಕಿ ಮಣ್ಣು ಹೊದಿಸಿದ ಮಾಳಿಗೆ. ಗೋಡೆ ಎಷ್ಟು ದಪ್ಪವೆಂದರೆ ಅದರ ಗೂಡಿನಲ್ಲಿ ಒಂದು ಕೂಸನ್ನು ಮಲಗಿಸಬಹುದು. ಮಲಗಿಸಿದ್ದೇನೆ, ಆ ಕೂಸಿನ ತಲೆಕೂದಲು ಈಗ ಉದುರಿವೆ, ಟ್ರ್ಯಾಕ್ಟರ್ ಇಟ್ಟಿದ್ದಾನೆ. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಒಳಕೋಣೆ. ಕೇಬಲ್ಲಿನವನು ವೈಫೈ ಡಬ್ಬಿಯನ್ನು ಪಡಸಾಲೆಯ ಗೂಟಕ್ಕೆ ನೇತು ಹಾಕಿ ಹೋಗಿದ್ದ. ಪಡಸಾಲೆಯಲ್ಲಿ ನೆಟ್ ಕುದುರೆಯ ಹಾಗೆ ಓಡುತ್ತದೆ. ಅಡುಗೆಮನೆಯಲ್ಲಿ ಕುಂಟುತ್ತದೆ. ಒಳಕೋಣೆಗೆ ಹೋದರೆ ಸತ್ತೇ ಹೋಗುತ್ತದೆ.

ಹಾಗಾದರೆ ಪಡಸಾಲೆಯಲ್ಲೇ ಕೂತು ಪಾಠ ಮಾಡಲಿ ಎಂದರೆ ಅಲ್ಲಿ ನಮ್ಮ ಯಜಮಾನರ ಸಭೆ. ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ಮೂವರು ಮುದುಕರು ಬಂದು ಕೂರುತ್ತಾರೆ. ತೊಗರಿಯ ಧಾರಣೆ, ಯಾರ ಹೊಲದ ಬದು ಯಾರು ಒತ್ತಿದರು, ಇಷ್ಟೇ ಮಾತು, ಆದರೆ ಮುಗಿಯುವುದಿಲ್ಲ. ಸೊಸೆ ಒಂದು ದಿನ ಅಲ್ಲೇ ಮೂಲೆಯಲ್ಲಿ ಕೂತು, ತನ್ನ ಗೆಳತಿಯ ಮಕ್ಕಳನ್ನು ಆ ಕಡೆ ಕೂರಿಸಿ, ಪಾಠ ಮಾಡಿ ನೋಡಿದಳು. ಐದು ನಿಮಿಷವಾಗಿರಲಿಲ್ಲ. ಒಬ್ಬ ಮುದುಕ ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ಲ್ಯಾಪ್‌ಟಾಪಿನೊಳಗೆ ಮುಖ ಇಟ್ಟ.

“ಯಾರ ಮಕ್ಕಳವಾ ಇವು? ಯಾವೂರಪಾ ನಿಂದು? ನಿಮ್ಮಪ್ಪನ ಹೆಸರೇನು?”

ಆ ಕಡೆಯ ಹುಡುಗಿ ಹೆದರಿ ಅಳತೊಡಗಿದಳು.

“ಕಾಕಾ, ಪಾಠ ನಡದೈತ್ರಿ,” ಎಂದಳು ಸೊಸೆ.

“ನಡೀಲಿ, ನಾ ಏನ್ ಬ್ಯಾಡ ಅಂದೆನು? ಈ ಕೂಸಿನ ಮುಖ ನಮ್ಮ ಯಂಕಂಚಿ ಬೀಗರಂಗ ಐತಿ, ಅದಕ್ಕ ಕೇಳಿದೆ.”

ಒಳಕೋಣೆಗೆ ನೆಟ್ ತರಲೇಬೇಕು ಎಂದು ಅವತ್ತು ನಿಶ್ಚಯವಾಯಿತು.

ಮೊದಲು ಕೈ ಹಾಕಿದವನು ನನ್ನ ಮಗ. ಟ್ರ್ಯಾಕ್ಟರಿನ ಯಾವುದೋ ಸಾಮಾನಿಗೆಂದು ಬಸವನ ಬಾಗೇವಾಡಿಗೆ ಹೋದವನು ಬರುವಾಗ ಒಂದು ಕರೀ ಡಬ್ಬಿ ತಂದ. ಅದಕ್ಕೆ ಆರು ಕೊಂಬು.

“ಯವ್ವಾ, ನೋಡಿಲ್ಲಿ. ನಮ್ಮದಕ್ಕ ಎರಡ ಕೊಂಬ ಅದಾವ. ಇದಕ್ಕ ಆರು.”

“ಆರು ಕೊಂಬಿದ್ರ?”

“ಮೂರ ಪಟ್ಟ ಜೋರ ಇರತೈತಿ.”

ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾರೆ. ಬರೀ ಕೊಂಬು ಎಣಿಸಿ ತಂದವನನ್ನು ನಾನು ಕಂಡಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವನೇ ತಂದ. ಹಳೆಯದನ್ನು ತೆಗೆದು ಅದೇ ಗೂಟಕ್ಕೆ ಇದನ್ನು ಹಾಕಿದರು. ಪಡಸಾಲೆಯಲ್ಲಿ ನೆಟ್ ಇನ್ನೂ ಜೋರಾಯಿತು. ಕಟ್ಟೆಯ ಮೇಲೆ ಬಂತು, ಓಣಿಯಲ್ಲಿ ಬಂತು, ಎದುರು ಮನೆಯ ಮಾಳಿಗೆಯ ಮೇಲೆ ಬಂತು. ಒಳಕೋಣೆಗೆ ಮಾತ್ರ ಬರಲಿಲ್ಲ. ಆ ಕಡೆ ಬಾಗಿಲು ತೆರೆದಿದೆ, ಹೋಗುತ್ತದೆ. ಈ ಕಡೆ ಗೋಡೆ. ಗೂಳಿಯೇ ಆದರೂ ಎಷ್ಟು ಹಾಯ್ದೀತು?

ಮಗ ಕೊಂಬುಗಳನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಸೊಸೆ ಒಳಕೋಣೆಯಿಂದ “ಇಲ್ಲ... ಇಲ್ಲ...” ಎಂದು ಕೂಗುತ್ತಿದ್ದಳು. ಮಧ್ಯಾಹ್ನದವರೆಗೆ ಇದೇ ನಡೆಯಿತು.

ಆಗ ನಾನು ಹೇಳಿದೆ, “ಇದನ್ನ ವಾಪಸ್ ಕೊಟ್ಟ ಬಾ. ಇನ್ನ ನಾ ನೋಡ್ತೇನಿ.”

“ನೀ ಏನ್ ನೋಡ್ತಿ ಯವ್ವಾ? ನಿನಗ ಇದರಾಗ ಏನ್ ತಿಳೀತೈತಿ?”

“ನಿನಗ ಹೆಣ್ಣ ನೋಡಿದಾಕಿ ನಾ. ಒಂದ ಡಬ್ಬಿ ನೋಡೂದ ಆಗಂಗಿಲ್ಲೇನು?”

ಹೆಣ್ಣು ತರುವ ಮೊದಲು ಮನೆತನ ನೋಡುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಹೆಣ್ಣಿನ ಮನೆಯವರನ್ನು ಏನೂ ಕೇಳಬಾರದು. ಅವರು ಅವಲಕ್ಕಿ, ಚಹಾ ಕೊಟ್ಟು ಇಲ್ಲದ ಗುಣವನ್ನೆಲ್ಲ ಹೇಳುತ್ತಾರೆ. ಒಂದು ತಾಸು ಮುಂಚೆ ಹೋಗಬೇಕು, ಬಾಜೂ ಮನೆಯ ಬಾಗಿಲಲ್ಲಿ ನಿಂತು “ಒಂದ ತಂಬಿಗಿ ನೀರ ಕೊಡ್ರಿ” ಎನ್ನಬೇಕು. ನೀರು ಕೊಟ್ಟವಳು ಕೂರಲು ಹೇಳುತ್ತಾಳೆ. ಕೂತರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ನಾನು ಮಾಡಿದ ಲೆಕ್ಕ ಇಷ್ಟೇ: ಡಬ್ಬಿ ಕೊಂಡವರು ಕೊಂಡ ಮೇಲೆ ಅದನ್ನು ಹೊಗಳಲೇಬೇಕು. ಬಾಜೂದವರಿಗೆ ಆ ಹಂಗಿಲ್ಲ.

ಮೊದಲು ಮುದ್ದೇಬಿಹಾಳಕ್ಕೆ ಹೋದೆ, ತಂಗಿಯ ಮನೆಗೆ. ಅವಳೂ ಆರು ಕೊಂಬಿನದನ್ನೇ ಹಾಕಿಸಿದ್ದಳು. ಎರಡು ದಿನಕ್ಕೊಮ್ಮೆ ವಿಡಿಯೋದಲ್ಲಿ ಮಾತಾಡುವಾಗ “ನಮ್ಮ ಮನ್ಯಾಗ ಅಡಗಿ ಮನೀ ತನಕಾ ಬರತೈತಿ ಅಕ್ಕಾ, ನಿಮ್ಮದ್ಯಾಕ ಹಂಗ?” ಎಂದು ಚುಚ್ಚುತ್ತಿದ್ದಳು. ಅವಳ ಬೆನ್ನ ಹಿಂದೆ ಹಸಿರು ಗೋಡೆ, ಕೆಂಪು ಫ್ರಿಜ್, ಫ್ರಿಜ್ಜಿನ ಮೇಲೆ ಒಂದು ಸ್ಟೀಲ್ ಜಗ್ ಕಾಣುತ್ತಿತ್ತು. ಹೊಸ ಮನೆ ಕಟ್ಟಿದ ಮೇಲೆ ನಾನು ಅಲ್ಲಿಗೆ ಹೋಗಿರಲಿಲ್ಲ. ಇವಳಿಗೆ ಫ್ರಿಜ್ ಯಾವಾಗ ಬಂತು ಎಂದು ಹೊಟ್ಟೆ ಉರಿದದ್ದು ನಿಜ. ಸುಳ್ಳು ಯಾಕೆ ಹೇಳಲಿ.

ಹೇಳದೆ ಹೋದೆ. ಅವಳ ಬಾಜೂ ಮನೆಯ ಬಾಗಿಲಲ್ಲಿ ನಿಂತು ನೀರು ಕೇಳಿದೆ. ಒಬ್ಬ ನಡುವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳು, “ಬಿಸಲಾಗ ಬಂದೀರಿ, ಒಳಗ ಬರ್ರಿ ಅಕ್ಕಾರ” ಎಂದು ಅಡುಗೆಮನೆಗೇ ಕರೆದಳು. ಒಳಗೆ ಕಾಲಿಟ್ಟವಳು ನಿಂತೇಬಿಟ್ಟೆ. ಹಸಿರು ಗೋಡೆ. ಕೆಂಪು ಫ್ರಿಜ್. ಫ್ರಿಜ್ಜಿನ ಮೇಲೆ ಜಗ್.

ನೀರು ಕುಡಿದು ಕೇಳಿದೆ, “ಈ ಬಾಜೂ ಮನ್ಯಾಗ ವೈಫೈ ಹಾಕ್ಸ್ಯಾರಂತ, ಹೆಂಗ ಐತ್ರಿ?”

“ಅಯ್ಯ, ಅದರ ಸುದ್ದಿ ಬಿಡ್ರಿ. ಆರ ಕೊಂಬಿಂದ ತಂದಾರ, ಹೊರಗಿನ ಖೋಲಿ ಬಿಟ್ಟ ಎಲ್ಲೂ ಬರಂಗಿಲ್ಲ. ಆ ಅಕ್ಕಾರು ಪಾಪ, ವಿಡಿಯೋ ಮಾಡೂದಿದ್ರ ಫೋನಿನ ನೆಟ್ ಸಿಗತೈತಿ ಅಂತ ನಮ್ಮ ಅಡಗಿ ಮನ್ಯಾಗ ಬಂದ ಕೂಡ್ತಾರ. ಹಗಲೆಲ್ಲಾ ಸಿಂದಗಿ ಅಕ್ಕಗ ಮಾಡ್ತಿರತಾರ.”

“ಸಿಂದಗಿ ಅಕ್ಕ ಹೆಂಗಂತ?”

“ಬಾಯಿ ಭಾಳ ಅಂತ್ರಿ. ಆದ್ರ ಮನಸ್ಸು...”

ಮನಸ್ಸು ಹೇಗೆ ಎಂದು ನನಗೆ ತಿಳಿಯಲೇ ಇಲ್ಲ. ಅಷ್ಟರಲ್ಲಿ ನನ್ನ ತಂಗಿ ಫೋನು ಹಿಡಿದುಕೊಂಡು, “ಏ, ಒಂದೀಟ ಸರಿ, ನಮ್ಮಕ್ಕಗ ಹಚ್ಚಬೇಕು” ಎನ್ನುತ್ತ ಹಿತ್ತಲ ಬಾಗಿಲಿಂದ ಒಳಗೆ ಬಂದಳು. ನನ್ನನ್ನು ಕಂಡು ಬಾಯಿ ತೆರೆದಳು.

“ಅಕ್ಕಾ! ನೀ ಇಲ್ಲಿ ಏನ್ ಮಾಡಾಕತ್ತಿ?”

“ನಿನ್ನ ಫ್ರಿಜ್ ನೋಡಾಕ ಬಂದೇನವಾ.”

ಆ ಹೊತ್ತು ಅವಳು ಹೋಳಿಗೆ ಮಾಡಿ ಹಾಕಿದಳು. ಹೋಳಿಗೆ ಚೆನ್ನಾಗಿತ್ತು. ಆರು ಕೊಂಬಿನ ಮಾತು ಅಲ್ಲಿಗೆ ಮುಗಿಯಿತು.

ಎರಡನೆಯ ಸಲ ಹೋದದ್ದು ಇಂಡಿಗೆ, ಸೊಸೆಯ ತವರಿಗೆ. ನಮ್ಮ ಬೀಗರದೂ ದಪ್ಪ ಕಲ್ಲಿನ ಹಳೇ ಮನೆ. ಅವರು ಅಡುಗೆಮನೆಯ ಗೋಡೆಗೆ ತಾಟಿನಂಥ ಬಿಳೀದೊಂದನ್ನು ಕೂರಿಸಿದ್ದಾರೆಂದು ಸೊಸೆ ಹೇಳಿದ್ದಳು. ಅವಳೂ ಜೊತೆಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವಳಿಗೆ, “ನೀ ಮುಂದ ಹೋಗು, ನಾ ಬಾಜೂದಾಕಿ ಕಡೆ ಹಾಯ್ದ ಬರ್ತೇನಿ” ಎಂದೆ.

“ಬಾಜೂದಾಕಿ ನಿಮಗ ಹೆಂಗ ಗುರ್ತ ಅತ್ತಿ?”

ನಾನು ಬಾಜೂ ಮನೆಯ ದಾರಿ ಹಿಡಿದೆ. ಅವಳು ಮುಂದೆ ಹೋಗಲಿಲ್ಲ. ಬೆನ್ನಿಗೇ ಬಂದಳು.

ಬಾಜೂದ ಅಜ್ಜಿ ನನಗಿಂತ ಹಿರಿಯಳು. ಹನ್ನೆರಡು ವರ್ಷದ ಹಿಂದೆ ಅವಳ ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದಿದ್ದೆ. ಇವತ್ತು ಮತ್ತೆ ಹೋಗಿ ನಿಂತರೆ ಒಂದೇ ನೋಟಕ್ಕೆ ಗುರುತು ಹಿಡಿದಳು.

“ಬರ್ರಿ ಬರ್ರಿ ಸಿಂದಗಿಯವ್ರ. ಈಗ ಯಾರಿಗಿ ಹೆಣ್ಣ ನೋಡಾಕತ್ತೀರಿ?”

“ಹೆಣ್ಣಲ್ರಿ. ನಮ್ಮ ಬೀಗರ ಮನ್ಯಾಗಿನ ವೈಫೈ ಹೆಂಗ ಐತಿ ಅಂತ ಕೇಳಾಕ ಬಂದೆ.”

ಅಜ್ಜಿ ನಗಲಿಲ್ಲ. ಇದೂ ವಿಚಾರಿಸತಕ್ಕ ವಿಷಯವೇ ಎನ್ನುವ ಹಾಗೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು, “ಮದಲ ಭಾಳ ಹೈರಾಣ ಇತ್ರಿ. ನಿಮ್ಮ ಬೀಗರು ಫೋನ್ ಹಿಡಕೊಂಡ ಬಂದ ನಮ್ಮ ಬೇವಿನ ಗಿಡದ ಬುಡಕ ನಿಂದರತಿದ್ರು. ಅಲ್ಲಿ ನಿಂತ ಒದರಿದ್ರ ನಮ್ಮ ಎಮ್ಮಿ ಹಾಲ ಬಿಡತಿದ್ದಿಲ್ಲ. ಆ ಬಿಳೀ ತಾಟ ಹಚ್ಚಿದ ಮ್ಯಾಲ ಒಂದ ದಿನಾನೂ ಬಂದಿಲ್ಲ ನೋಡ್ರಿ. ಎಮ್ಮಿ ಆರಾಮ ಐತಿ.”

ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ. ಏಳಬೇಕು ಎನ್ನುವಾಗ ಅಜ್ಜಿ ನನ್ನ ಹಿಂದೆ ನಿಂತ ಸೊಸೆಯನ್ನು ನೋಡಿದಳು.

“ಅಲ್ಲ, ನಾ ಅವತ್ತ ಹೇಳಿದ್ದ ಖರೇ ಆತಿಲ್ರಿ? ಬಾಯಿ ಜೋರ ಐತಿ, ಆದ್ರ ರೊಟ್ಟಿ ತೆಳ್ಳಗ ಹಾಳಿಯಂಗ ಬಡೀತಾಳ ಅಂದಿದ್ದೆ.”

ಸೊಸೆ ನನ್ನನ್ನು ನೋಡಿದಳು. ನಾನು ಬೇವಿನ ಮರವನ್ನು ನೋಡಿದೆ.

ಬೀಗರ ಮನೆಯಲ್ಲಿ ಆ ತಾಟನ್ನು ಕಣ್ಣಾರೆ ನೋಡಿದೆವು. ಕೊಂಬಿಲ್ಲ, ದೊಡ್ಡಸ್ತಿಕೆಯಿಲ್ಲ, ಒಂದು ಸಣ್ಣ ಹಸಿರು ದೀಪ. ಹಿಂದಿನಿಂದ ಒಂದು ವೈರು ಹೋಗಿತ್ತು. ಸೊಸೆ ಬಿಡಿಸಿ ಹೇಳಿದಳು:

“ಇದಕ್ಕ ಆಕ್ಸೆಸ್ ಪಾಯಿಂಟ್ ಅಂತಾರ್ರಿ ಅತ್ತಿ. ಪಡಸಾಲಿ ಡಬ್ಬಿಯಿಂದ ವೈರ್ ಎಳದು ಇದಕ್ಕ ಕೊಡೂದು. ಗ್ವಾಡಿ ದಾಟೂದು ವೈರಿನ ಕೆಲಸ, ಈ ಕಡೆ ಹರಡೂದು ಇದರ ಕೆಲಸ.”

ನನಗೆ ಸರಿಯಾಗಿ ತಿಳಿಯಿತು. ಬಾವಿಯ ಹತ್ತಿರ ಎಷ್ಟು ದೊಡ್ಡ ಮೋಟರು ಇಟ್ಟರೂ ನೀರು ದಿಬ್ಬ ಹಾರಿ ಆಚೆಯ ಪಟ್ಟಿಗೆ ಬೀಳುವುದಿಲ್ಲ. ಪೈಪು ಹಾಕಿ ಒಯ್ಯಬೇಕು, ಅಲ್ಲಿ ಬಿಡಬೇಕು. ಟ್ರ್ಯಾಕ್ಟರ್ ಹೊಡೆಯುವ ನನ್ನ ಮಗನಿಗೆ ಇದು ಹೊಳೆಯಲಿಲ್ಲವಲ್ಲ.

ತಿರುಗಿ ಬರುವಾಗ ಬಸ್ಸು ಸಾಲೋಟಗಿ ಊರು ದಾಟಿತು. ಆಮೇಲೆ ಸೊಸೆ ಕೇಳಿದಳು.

“ಬಾಯಿ ಜೋರ ಅಂತ ಆಕಿ ಮದಲ ಹೇಳಿದ್ಲೇನ್ರಿ?”

“ಹೇಳಿದ್ಲು.”

“ಮತ್ತ ಯಾಕ ಮಾಡ್ಕೊಂಡ್ರಿ?”

“ರೊಟ್ಟಿ ಚಲೋ ಬಡೀತಾಳ ಅಂದ್ಲಲ್ಲ.”

ಅವಳು ಕಿಟಕಿಯ ಕಡೆ ತಿರುಗಿದಳು. ನಕ್ಕಳೋ ಸಿಟ್ಟಾದಳೋ ಗೊತ್ತಾಗಲಿಲ್ಲ. ಸಿಟ್ಟಾಗಿದ್ದರೆ ಹೇಳುತ್ತಿದ್ದಳು, ಬಾಯಿ ಜೋರಲ್ಲವೇ.

ಆರು ಕೊಂಬಿನದನ್ನು ವಾಪಸು ಕೊಡಲು ಬಾಗೇವಾಡಿಗೆ ಮಗನ ಜೊತೆ ನಾನೂ ಹೋದೆ. ಅಂಗಡಿಯವನು ಮುಖ ಕಿವುಚಿದರೂ ಬದಲಿ ಕೊಡಲು ಒಪ್ಪಿದ. ಎಂಟು ಕೊಂಬಿನದು ತೋರಿಸಿದ. ಬೇಡ ಎಂದೆ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಒಂದು ಪುಟ್ಟ ಡಬ್ಬಿ ತೋರಿಸಿ, “ಇದಕ್ಕ ವೈರೇ ಬ್ಯಾಡ್ರಿ ಆಯಿ. ಆ ಕಡಿಂದ ಬಂದ ನೆಟ್ ಹಿಡದು ಮುಂದ ಕೊಡತೈತಿ” ಎಂದ.

“ಆ ಕಡಿಂದ ಬಂದ್ರ ತಾನ ಹಿಡಿಯೂದು? ನಮ್ಮಲ್ಲಿ ಬರೂದ ಇಲ್ಲ. ಅರ್ಧಾ ಕೇಳಿಸ್ಕೊಂಡು ಓಣಿ ತುಂಬಾ ಹೇಳವ್ರು ನಮ್ಮಲ್ಲಿ ಆಗಲೇ ಬೇಕಾದಷ್ಟ ಮಂದಿ ಅದಾರ.”

ಬಿಳೀ ತಾಟು ಹಿಡಿದು ನೋಡಿದೆ. ಹಗುರವಿತ್ತು. ಗಡಿಗೆ ಕೊಳ್ಳುವಾಗಿನ ರೂಢಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದೂ ನೋಡಿದೆ. ಅಂಗಡಿಯವನು “ಒಡೀತೈತ್ರಿ!” ಎಂದು ಕೈ ಚಾಚಿದ.

“ನಿಮ್ಮ ಮನ್ಯಾಗ ಯಾವುದ ಐತಪಾ?”

“ನಮ್ಮ ಮನ್ಯಾಗ ಏನೂ ಇಲ್ರಿ. ಇಲ್ಲೇ ದುಕಾನದಾಗ ಕುಂತ ನೋಡ್ಕೊಂಡ ಹೋಗ್ತೇನಿ.”

ಬಿಳೀ ತಾಟು ಮನೆಗೆ ಬಂತು. ಪಾಠಕ್ಕೆ ಇನ್ನು ನಾಲ್ಕು ದಿನ. ಕೇಬಲ್ಲಿನವನನ್ನು ಕರೆಸಿದೆವು. ಅವನು ಪಡಸಾಲೆಯಿಂದ ಅಡುಗೆಮನೆಗೆ ವೈರು ದಾಟಿಸಲು ಗೋಡೆಗೆ ಡ್ರಿಲ್ ಹಚ್ಚಿದ. ಅದು ಗುರ್ ಎಂದು ಒಳಗೆ ಹೋಗಿ ಹೋಗಿ, ಹಿಡಿಯವರೆಗೂ ಹೋಗಿ ನಿಂತಿತು. ಈ ಕಡೆ ತೂತೇ ಬೀಳಲಿಲ್ಲ. ಅಡುಗೆಮನೆಯಿಂದ ಹಚ್ಚಿ ನೋಡಿದ, ಕಲ್ಲು ಸಿಕ್ಕಿತು.

“ಇದು ಮನೀನೋ ಕ್ವಾಟೆನೋ?” ಎಂದು ಬೆವರು ಒರೆಸಿಕೊಂಡ. “ದೊಡ್ಡ ಡ್ರಿಲ್ ವಿಜಾಪುರದಿಂದ ತರಬೇಕ್ರಿ. ಎಂಟ ದಿನ ಆಕ್ಕೈತಿ.”

ಎಂಟು ದಿನ ಎಂದದ್ದೇ ಸೊಸೆಯ ಮುಖ ಬಿತ್ತು. ನನ್ನ ಮೊಣಕಾಲು ಆಗಲೇ ನೋಯತೊಡಗಿತು.

ನನಗೆ ಒಂದು ತೂತು ಗೊತ್ತಿತ್ತು. ಹೇಳುವುದೋ ಬಿಡುವುದೋ ಎಂದು ಒಲೆಯ ಮುಂದೆ ನಿಂತು ಒಂದು ಚಹಾ ಕುದಿಯುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ಕೇಬಲ್ಲಿನವನನ್ನು ಕರೆದು, ಹಿಟ್ಟಿನ ಡಬ್ಬಿ ಸರಿಸಿ, ಅದರ ಹಿಂದಿನ ಗೋಡೆಯೊಳಗೆ ತುರುಕಿದ್ದ ಹಳೇ ಬಟ್ಟೆಯನ್ನು ಎಳೆದೆ. ಬಟ್ಟೆ ಬಂತು, ಬಂತು, ಬರುತ್ತಲೇ ಇತ್ತು. ಅದರ ಹಿಂದೆ ಪಡಸಾಲೆಯ ಬೆಳಕು ಬಂತು. ಬೆಳಕಿನ ಹಿಂದೆ ನಮ್ಮ ಯಜಮಾನರ ಒಂದು ಕಣ್ಣು ಬಂತು.

“ಏ, ಇದೇನಿದು?”

ಅದು ನಮ್ಮ ಅತ್ತೆಯ ಕಾಲದ ಕಿಂಡಿ. ಪಡಸಾಲೆಯ ಕಡೆ ಅದರ ಬಾಯಿ ದೇವರ ಫೋಟೋದ ಹಿಂದೆ ಇತ್ತು. ನಾನು ಹೊಸದಾಗಿ ಬಂದಾಗ ಅದನ್ನು ನಾನಾಗಿಯೇ ಕಂಡುಹಿಡಿದು, ಗಂಡಸರು ನನ್ನ ತವರಿನ ಬಗ್ಗೆ ಏನು ಆಡುತ್ತಾರೆಂದು ಕಿವಿ ಹಚ್ಚಿ ಕೂತಿದ್ದೆ. ಅತ್ತೆ ಹಿಂದಿನಿಂದ ಬಂದರು. ಬೈಗುಳ ಬಂತೆಂದು ಕಣ್ಣು ಮುಚ್ಚಿದೆ. “ಆ ಕಡಿ ಸರಿ, ನನಗೂ ಕೇಳಸಬೇಕು,” ಎಂದರು. ಅಲ್ಲಿಂದ ನಮ್ಮಿಬ್ಬರ ನಡುವೆ ಜಗಳ ಕಡಿಮೆಯಾಯಿತು.

ಯಜಮಾನರು ಫೋಟೋ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ಹಿಂದೆ ಮೂವರು ಮುದುಕರು.

“ಅಂದ್ರ ಇಷ್ಟ ವರ್ಷ ಇದರಾಗ ನಮ್ಮ ಮಾತ ಕೇಳೀರಿ?”

“ಕೇಳೂ ಹಂಗ ಏನ್ ಮಾತಾಡೀರಿ ಅದನ್ನಷ್ಟ ಹೇಳ್ರಿ. ತೊಗರಿ, ಬದು, ತೊಗರಿ. ನಿದ್ದಿ ಬಂದ ಎಷ್ಟ ಸಲ ಹಣಿ ಗ್ವಾಡಿಗಿ ಬಡದೈತಿ.”

ಮುದುಕರಲ್ಲಿ ಒಬ್ಬನ ಮುಖ ಕಪ್ಪಾಯಿತು. ಅವನು ಏನು ನೆನೆಸಿಕೊಂಡನೆಂದು ನನಗೆ ಗೊತ್ತು, ಹೇಳುವುದಿಲ್ಲ. ಅವತ್ತಿನಿಂದ ಅವರು ದನಿ ತಗ್ಗಿಸಿ ಮಾತಾಡುತ್ತಾರೆ. ಅದೂ ಒಂದು ಲಾಭ.

ವೈರು ಆ ಕಿಂಡಿಯಲ್ಲಿ ಹಾದು ಬಂತು. ತಾಟನ್ನು ಮೇಲೆ ಜಂತಿಗೆ ಹೊಡೆಯಲು ಹೋದರೆ ಮಣ್ಣು ಉದುರಿತು. ಅದಕ್ಕೆ ಅಡುಗೆಮನೆಯ ಕಡೆ, ಒಳಕೋಣೆಯ ಬಾಗಿಲ ಮೇಲಿನ ಹಲಗೆಯ ಮೇಲೆ ಅದನ್ನು ಅಂಗಾತ ಇಟ್ಟೆವು. ಹಸಿರು ದೀಪ ಹತ್ತಿತು. ಸೊಸೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. “ಬಂತು!” ಎಂದು ಕೂಗಿದ್ದು ಓಣಿಗೆ ಕೇಳಿಸಿತು. ಕೂಗಿ ಹೇಳುವುದಕ್ಕೆ ಅವಳಿಗೆ ನೆಟ್ ಬೇಕಿಲ್ಲ.

ಸೋಮವಾರ ಬಂತು. ಪಾಠ ಬೆಳಿಗ್ಗೆ ಹತ್ತಕ್ಕೆ. ಭಿನ್ನರಾಶಿ ಹೇಳಿಕೊಡಲು ಒಂದು ದುಂಡನೆಯ ರೊಟ್ಟಿ ಬೇಕು ಎಂದಳು. ಅವಳು ಸೀರೆ ಉಟ್ಟು ತಯಾರಾಗುತ್ತಿದ್ದಳು, ಆದ್ದರಿಂದ ಹನ್ನೆರಡು ವರ್ಷದ ಮೇಲೆ ನಾನೇ ಒಂದು ರೊಟ್ಟಿ ಬಡಿದೆ. ದುಂಡಗೆ ಬಂತು. ಕೈ ಮರೆತಿರಲಿಲ್ಲ. ಇದು ಯಾರಿಗೂ ಗೊತ್ತಾಗಬಾರದು ಎಂದುಕೊಂಡೆ.

ಮನೆಯಲ್ಲಿ ಗದ್ದಲ ಇರಬಾರದಲ್ಲ, ಮುದುಕರ ಸಭೆಯನ್ನು ನಾನೇ ಎಬ್ಬಿಸಿದೆ. “ಥಂಡಿ ಐತಿ, ಮಾಳಿಗಿ ಮ್ಯಾಲ ಬಿಸಲ ಕಾಸ್ಕೊಂತ ಕುಂದರ್ರಿ” ಎಂದು ನಾಲ್ವರನ್ನೂ ಮೇಲಕ್ಕೆ ಹತ್ತಿಸಿದೆ. ಮಗನನ್ನು ಹೊರಬಾಗಿಲಲ್ಲಿ ನಿಲ್ಲಿಸಿದೆ. ಸೊಸೆ ಒಳಕೋಣೆಯ ಬಾಗಿಲು ಎಳೆದುಕೊಂಡಳು. ಪಾಠ ಶುರುವಾಯಿತು. “ಈಗ ಒಂದು ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡಿದರೆ...” ಎಂದು ಪುಸ್ತಕದ ಕನ್ನಡ ಆಡುತ್ತಿದ್ದಳು. ಇವಳ ಬಾಯಲ್ಲಿ ಇಷ್ಟು ಮೆತ್ತಗಿನ ಮಾತು ಇದೆ ಎಂದು ಅವತ್ತೇ ತಿಳಿದದ್ದು.

ನಾನು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದೆ. ಮೇಲೆ ಮಾಳಿಗೆಯಲ್ಲಿ ಮುದುಕರು ಬಿಸಿಲು ಸರಿದ ಹಾಗೆಲ್ಲ ಎದ್ದು ಸರಿದು ಕೂರುತ್ತಿದ್ದರು. ಜಂತಿಯ ಸಂದಿನಿಂದ ಸುರ್ ಎಂದು ಮಣ್ಣು ಉದುರಿತು. ಹಾಲಿನ ಪಾತ್ರೆಗೆ ಮುಚ್ಚಳ ಇತ್ತು, ಹಿಟ್ಟಿಗೆ ಇತ್ತು. ಬಿಳೀ ತಾಟಿನ ಮೇಲೆ ಮಾತ್ರ ಕೆಮ್ಮಣ್ಣು ಬಿತ್ತು. ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವಳ ಕೈ ಕೇಳಿ ಕೆಲಸ ಮಾಡುವುದಿಲ್ಲ. ಮೇಲಿನಿಂದ ಮಣ್ಣು ಬಿದ್ದರೆ ಏನಾದರೊಂದು ಬೋರಲು ಹಾಕುತ್ತದೆ. ಸಾರು ಕುದಿಸುವ ಸ್ಟೀಲಿನ ಡಬರಿ ಕೈಗೆ ಸಿಕ್ಕಿತು. ಮಣೆಯ ಮೇಲೆ ಹತ್ತಿ ಹಲಗೆಯ ಮೇಲಿನ ತಾಟಿಗೆ ಅದನ್ನು ಅಚ್ಚುಕಟ್ಟಾಗಿ ಬೋರಲು ಹಾಕಿದೆ. ಮತ್ತೆ ಬಂದು ಸೊಪ್ಪು ಸೋಸಿದೆ.

ಒಳಗಿನ ಪಾಠ ನಿಂತಿತು.

“ಸರ್, ಕೇಳಿಸುತ್ತಿದೆಯಾ? ಮೇಡಂ? ಹಲೋ?”

ಕಣ್ಣ ಮುಂದೆ ವಿಜಯಪುರದ ಬಸ್ಸು ಬಂದು ನಿಂತಿತು. ಸೊಪ್ಪು ಬಿಟ್ಟು ಕಿಂಡಿಗೆ ಬಾಯಿ ಹಚ್ಚಿ, “ಏ, ನೆಟ್ ಹೋತು! ಕೇಬಲ್ಲಿನವಗ ಹಚ್ಚು!” ಎಂದು ಮಗನಿಗೆ ಒದರಿದೆ. ಅವನು ಹೊರಗಿನಿಂದಲೇ ಫೋನು ಹಚ್ಚಿ ಕೇಬಲ್ಲಿನವನ ಮನೆತನವನ್ನೆಲ್ಲ ಬೈಯತೊಡಗಿದ. ಮೇಲಿನಿಂದ ಯಜಮಾನರು ಬಗ್ಗಿ “ಏನಾತು, ಏನಾತು?” ಎಂದರು. ನಾಲ್ವರೂ ಅಂಚಿಗೆ ಬಂದದ್ದಕ್ಕೆ ಇನ್ನಷ್ಟು ಮಣ್ಣು ಸುರಿಯಿತು. ಬಿದ್ದದ್ದು ಡಬರಿಯ ಮೇಲೆ, ಟಣ್ ಟಣ್ ಎಂದು. ಹಾಕಿದ್ದು ಒಳ್ಳೆಯದೇ ಆಯಿತು ಎಂದು ಆಗಲೂ ಅಂದುಕೊಂಡೆ.

ಒಳಕೋಣೆಯ ಬಾಗಿಲು ತೆರೆಯಿತು. ಸೊಸೆ ಹೊರಗೆ ಬಂದು ಬಾಗಿಲ ಮೇಲೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಅತ್ತಿ, ಇದೇನ್ ಹಾಲೇನ್ರಿ ಮುಚ್ಚಿಡಾಕ?”

ಮಣೆ ಹತ್ತಿ ಡಬರಿ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ಅದನ್ನು ಹಿಡಿದುಕೊಂಡೇ ಬಾಗಿಲ ಹತ್ತಿರ ನಿಂತೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಬ್ಬ ಹೆಂಗಸಿನ ದನಿ ಬಂತು.

“ಏನಾಯ್ತು? ಕರೆಂಟ್ ಹೋಯ್ತಾ?”

ಹೌದು ಎಂದುಬಿಡು ಎಂದು ಮನಸ್ಸಿನಲ್ಲೇ ಹೇಳಿದೆ. ನಮ್ಮ ಊರಿನಲ್ಲಿ ಕರೆಂಟು ಹೋಯಿತೆಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಇವಳು ಹೇಳಲಿಲ್ಲ.

“ಇಲ್ಲ ಮೇಡಂ. ಮಾಳಿಗೆಯಿಂದ ಮಣ್ಣು ಬೀಳುತ್ತದೆ ಎಂದು ನಮ್ಮ ಅತ್ತೆ ಆಕ್ಸೆಸ್ ಪಾಯಿಂಟ್ ಮೇಲೆ ಸ್ಟೀಲ್ ಡಬರಿ ಮುಚ್ಚಿದ್ದರು.”

ಆ ಕಡೆ ನಗು, ಒಬ್ಬರದಲ್ಲ, ಮೂವರದು. ಹೆಂಗಸು ಹೇಳಿದಳು, “ನಮ್ಮಮ್ಮ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿಟ್ಟಿದ್ದಾರೆ. ಮುಂದುವರಿಸಿ.” ಸೊಸೆ ಮುಂದುವರಿಸಿದಳು. ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ನಾಲ್ಕು ತುಂಡಿನಲ್ಲಿ ಒಂದು ತೆಗೆದರೆ ಎಷ್ಟು ಉಳಿಯಿತು ಎಂದು ಕೇಳಿದಳು. ಮೂರು ಎಂದು ನಾನು ಹೊರಗಿನಿಂದಲೇ ಅಂದುಕೊಂಡೆ. ಮೂರಲ್ಲವಂತೆ, ಮುಕ್ಕಾಲಂತೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇಷ್ಟು ಸಾಕು.

ಪಾಠ ಮುಗಿದ ಮೇಲೆ ಮಗನಿಗೆ ಸೊಸೆ ನಿಜ ಹೇಳಿದಳು. ಅವನು ಮತ್ತೆ ಕೇಬಲ್ಲಿನವನಿಗೆ ಫೋನು ಹಚ್ಚಿ, ಬೈದದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅವತ್ತು ಮಧ್ಯಾಹ್ನ ಸೊಸೆ ಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ತಾಟಿನ ಮೇಲೆ ಬೋರಲು ಹಾಕಿ ನೋಡಿದಳು. ತಾಮ್ರದ್ದು ಆಗಲಿಲ್ಲ, ಹಿತ್ತಾಳೆಯದೂ ಆಗಲಿಲ್ಲ. ಬಿದಿರಿನ ಬುಟ್ಟಿ ಆಯಿತು. ಈಗ ಅದರ ಮೇಲೆ ಬುಟ್ಟಿ ಇದೆ, ಬುಟ್ಟಿಯ ಮೇಲೆ ಒಂದು ಹಳೇ ಅರಿವೆ. ನೆಟ್ ಬರುತ್ತದೆ, ಮಣ್ಣು ಬರುವುದಿಲ್ಲ. ಕೋಳಿಮರಿ ಮುಚ್ಚಿಟ್ಟ ಹಾಗೆ ಕಾಣುತ್ತದೆ, ಕಾಣಲಿ.

ಎಂಟು ದಿನಕ್ಕೆ ಫೋನು ಬಂತು. ಕೆಲಸ ಸಿಕ್ಕಿತು. ವಿಜಯಪುರದ ಬಸ್ಸು ತಪ್ಪಿತು. ನಾನು ದೇವರಿಗೆ ಕಾಯಿ ಒಡೆದೆ. ಒಡೆದು ಕೈ ಒರೆಸಿಕೊಳ್ಳುತ್ತ ಕೇಳಿದೆ, “ಪಾಠ ಎಷ್ಟ ಹೊತ್ತಿಗೆವಾ?”

“ದಿನಾ ಸಂಜಿ ಐದರಿಂದ ಎಂಟರ ತನಕ್ರಿ ಅತ್ತಿ. ಮಕ್ಕಳು ಸಾಲಿಯಿಂದ ಬಂದ ಮ್ಯಾಲ.”

ನಮ್ಮ ಮನೆಯಲ್ಲಿ ರಾತ್ರಿಯ ರೊಟ್ಟಿ ಬಡಿಯುವುದು ಆರಕ್ಕೆ. ಏಳಕ್ಕೆ ಗಂಡಸರು ಊಟಕ್ಕೆ ಕೂರುತ್ತಾರೆ.

ಕೊಣಮಗೆ ಮತ್ತೆ ನನ್ನ ಮುಂದೆ ಬಂದು ಕೂತಿದೆ. ಮೊದಲ ದಿನ ಬಡಿಯುವಾಗ ಸೊಸೆ ಬಾಗಿಲು ತೆರೆದು, ರೊಟ್ಟಿಯ ಸದ್ದು ಪಾಠದಲ್ಲಿ ಕೇಳಿಸುತ್ತದೆ, ಮಕ್ಕಳು ಅಲ್ಲಿ ಯಾರು ಚಪ್ಪಾಳೆ ಹೊಡೆಯುತ್ತಾರೆ ಎಂದು ಕೇಳುತ್ತಾರೆ ಎಂದಳು. ಹಾಗಾಗಿ ಈಗ ನಾಲ್ಕಕ್ಕೇ ಬಡಿದು ಮುಗಿಸುತ್ತೇನೆ. ಅವಳು ಎರಡು ಬಡಿದು ಪಾಠದ ತಯಾರಿ ಎಂದು ಲ್ಯಾಪ್‌ಟಾಪಿನ ಕಡೆ ಓಡುತ್ತಾಳೆ, ಉಳಿದದ್ದು ನನ್ನದು. ಏಳಕ್ಕೆ ಉಣ್ಣುವವರು ತಣ್ಣಗಿದೆ ಎನ್ನುತ್ತಾರೆ. ಬಾಗಿಲ ಮೇಲಿನ ಬುಟ್ಟಿಯ ಕಡೆ ಕೈ ತೋರಿಸಿ ಅದನ್ನು ಕೇಳಿರಿ ಎನ್ನುತ್ತೇನೆ.

ಸ್ಟೀಲಿನ ಡಬರಿಯನ್ನು ಒಳಗೆ ಎತ್ತಿಡು ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ನಾನು ಅದನ್ನು ಆ ಹಲಗೆಯ ಪಕ್ಕದ ಗೂಟಕ್ಕೇ ನೇತು ಹಾಕಿದ್ದೇನೆ. ಅವಳ ಬಾಯಿ ತೀರಾ ಜೋರಾದ ದಿನ ಏನೂ ಅನ್ನುವುದಿಲ್ಲ. ಗೂಟದಿಂದ ಅದನ್ನು ಇಳಿಸಿ, ಸೆರಗಿನಿಂದ ಒರೆಸಿ, ಮತ್ತೆ ಅಲ್ಲೇ ಹಾಕುತ್ತೇನೆ.